ಮೇಲಿನ ಪೊದೆಯ ಕವಳೆ

ಗುಡೇಕೋಟೆಯ ಗುಡ್ಡದಲ್ಲಿ ಕವಳೆ ಹಣ್ಣುಗಳು ಮಾಗಿ ಕಪ್ಪಾಗಿದ್ದವು. ಭೂಗೋಳದ ಮೇಷ್ಟ್ರಾದ ನಾನು ಇಂಥ ಕುರುಚಲು ಕಾಡನ್ನು ಮಕ್ಕಳ ನಕ್ಷೆಯಲ್ಲಿ ‘ಪಾಳು ಭೂಮಿ’ ಎಂದೇ ಬರೆಸುತ್ತ ಬಂದವನು. ದಾರಿ ತೋರಿಸಲು ಬಂದಿದ್ದ ಕುರಿ ಕಾಯುವ ಹನುಮವ್ವ ಕಾಲುದಾರಿಯ ಕೆಳಗಿನ ಪೊದೆಗಳಲ್ಲಷ್ಟೇ ಹಣ್ಣು ಬಿಡಿಸುತ್ತಿದ್ದಳು. ನಾನು ಮೇಲಿನ ಪೊದೆಗೆ ಕೈ ಹಾಕಿ ನಾಲ್ಕು ಕಿತ್ತೆ.

“ಸರ, ಕೈ ತಗೀರಿ! ಮ್ಯಾಲಿನ ಗಿಡ ನಮ್ಮವಲ್ಲ.”

“ಮತ್ತೆ ಯಾರವು?”

ಪೊದೆಯ ಹಿಂದೆ ಕೊಂಬೆ ಮುರಿಯಿತು. ಎರಡು ಮಾರು ದೂರದಲ್ಲಿ ಕರಡಿಯ ಕಪ್ಪು ಬೆನ್ನು. ನಾನು ಓಡಲು ತಿರುಗಿದೆ.

“ಓಡಬ್ಯಾಡ್ರಿ” ಎಂದು ಪಿಸುಗುಟ್ಟಿದ ಹನುಮವ್ವ, ಕೋಲಿನಿಂದ ಬಂಡೆ ಕುಟ್ಟುತ್ತ ದನಿ ಎತ್ತಿದಳು: “ನಿನ್ನ ಪಾಲು ನೀ ತಿನ್ನಪ್ಪಾ, ನಾವು ಹೊಂಟ್ವಿ.”

ಬೆನ್ನು ತಿರುಗಿಸದೆ, ಹಿಂದಕ್ಕೆ ಹೆಜ್ಜೆಯಿಡುತ್ತ ತಿರುವಿನವರೆಗೆ ಬಂದೆವು. ಕರಡಿ ಬೆನ್ನಟ್ಟಲಿಲ್ಲ.

“ಅದರ ಹಣ್ಣೂ ನಾವ ಕಿತ್ತರ, ಹೊಟ್ಟಿಗಿಲ್ದ ಅದು ನಮ್ಮ ಹೊಲಕ್ಕ ಇಳಿತೈತ್ರಿ, ಶೇಂಗಾ ಕೆದರಾಕ. ಆಮ್ಯಾಲೆ ನಾವೇನು ತಿನ್ನೂದು?” ಎಂದು ಗದರಿಸಿ, ನನ್ನ ಬಿಗಿದ ಮುಷ್ಟಿಯನ್ನು ನೋಡಿದಳು. “ಅವನ್ನ ಇಲ್ಲೇ ಇಡ್ರಿ.”

ಜಜ್ಜಿಹೋಗಿದ್ದ ನಾಲ್ಕೂ ಹಣ್ಣುಗಳನ್ನು ಬಂಡೆಯ ಮೇಲಿಡಲು ಬಗ್ಗಿದೆ.

“ಈ ಗುಡ್ಡಕ್ಕ ನಿಮ್ಮ ಪಾಠದಾಗ ಏನಂತಾರ್ರಿ ಸರ?”

“ಇಲ್ಲಿಯವರೆಗೆ ‘ಪಾಳು ಭೂಮಿ’ ಅಂತ ಬರೆಸ್ತಿದ್ದೆ” ಎಂದೆ, ಹಣ್ಣುಗಳನ್ನು ಒಂದೊಂದಾಗಿ ಬಂಡೆಯ ಮೇಲಿಡುತ್ತ.