ಹಲ್ಡಾ ಬೀಮರ್ ಪ್ರತಿನಿಧಿಯಾದದ್ದು

ಪಾನನಿಷೇಧ ಬರಲಿ ಎಂದು ಹಾಡಿಕೊಂಡು ಬೀದಿ ಸುತ್ತಿದ ಹೆಂಗಸರಲ್ಲಿ ಹಲ್ಡಾ ಬೀಮರ್ ಕೂಡ ಒಬ್ಬಳು. ಆಗ ಅವಳ ಗಂಡ ಬದುಕಿದ್ದ. ಕುಡಿದು ಬಂದ ದಿನ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹೆಂಡದಂಗಡಿಗಳಿಗೆ ಬೀಗ ಬಿದ್ದಾಗ ಅವಳು ಚರ್ಚಿನಲ್ಲಿ ಮೊಣಕಾಲೂರಿ ಅತ್ತಳು. ಅಮೆರಿಕದ ಓಹಾಯೋ ನದಿ ದಂಡೆಯ ತನ್ನ ಊರಿನಲ್ಲಿ ಇನ್ನು ಯಾವ ಹೆಂಗಸೂ ಬಾಗಿಲ ಸದ್ದಿಗೆ ಬೆಚ್ಚಬೇಕಾಗಿಲ್ಲ ಅಂದುಕೊಂಡಳು.

ಕುಡಿತ ನಿಲ್ಲಲಿಲ್ಲ, ಮರೆಗೆ ಸರಿಯಿತು ಅಷ್ಟೆ. ಗಂಡ ಸತ್ತ ಮೇಲೆ ಹಲ್ಡಾ ಹೋಟೆಲಿನ ಬಟ್ಟೆ ಒಗೆದು ಒಬ್ಬನೇ ಮಗ ಎಲ್ಡನ್‌ನನ್ನು ಬೆಳೆಸಿದಳು. ಅವನು ಪಿಂಗಾಣಿ ಕಾರ್ಖಾನೆ ಸೇರಿದ. ದಿನದ ಕೆಲಸ ಮುಗಿದ ಮೇಲೆ ಗೆಳೆಯರ ಜೊತೆ ಔಷಧಿ ಅಂಗಡಿಗೆ ಹೋಗಿ ಶುಂಠಿ ಅರ್ಕ ಕುಡಿಯುತ್ತಿದ್ದ. ಹೆಸರಿಗೆ ಹೊಟ್ಟೆನೋವಿನ ಮದ್ದು, ಒಳಗಿದ್ದದ್ದು ಮದ್ಯ. ಒಮ್ಮೆ ಬಂದ ಸರಕಿನಲ್ಲಿ ಯಾರೋ ಏನೋ ಬೆರೆಸಿದ್ದರು. ಒಂದು ಬೆಳಿಗ್ಗೆ ಮಂಚದಿಂದಿಳಿದ ಎಲ್ಡನ್ ಅಲ್ಲೇ ಕುಸಿದ. ಪಾದಗಳಲ್ಲಿ ಜೀವವೇ ಇರಲಿಲ್ಲ.

ತಿಂಗಳುಗಳ ಮೇಲೆ ಎರಡು ಕೋಲು ಊರಿ ಎದ್ದು ನಿಂತ. ನಡೆಯುವಾಗ ಮೊಣಕಾಲನ್ನು ಎತ್ತರಕ್ಕೆ ಎತ್ತಬೇಕು, ಪಾದ ಚಪ್ಪೆಂದು ನೆಲಕ್ಕೆ ಬೀಳುತ್ತಿತ್ತು. ಆ ನಡಿಗೆ ನೋಡಿದರೆ ಸಾಕು, ಏನು ಕುಡಿದು ಹೀಗಾದ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹಲ್ಡಾಳ ಚರ್ಚಿನ ಗೆಳತಿ ಕೋರಾ ಬಂದು, "ಕಾಲು ಕಿತ್ಕೊಂಡಾದ್ರೂ ದೇವರು ಬುದ್ಧಿ ಕಲಿಸ್ದ ಅನ್ಕೋ ಹಲ್ಡಾ" ಅಂದಳು. ಹಲ್ಡಾ ಅಂದಿನಿಂದ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ನಿಷೇಧವನ್ನು ಸಂವಿಧಾನದಿಂದ ತೆಗೆಯುವ ಮಾತು ರಾಜ್ಯಗಳ ಮುಂದೆ ಬಂತು. ವಕೀಲ ಹೊರೇಸ್ ಟಿಬೆಟ್ಸ್ ಹಲ್ಡಾ ಬಟ್ಟೆ ಒಣಗಿಸುತ್ತಿದ್ದ ಹಿತ್ತಿಲಿಗೇ ಬಂದ.

"ಮಿಸೆಸ್ ಬೀಮರ್, ನಮ್ಮ ಕಡೆಯಿಂದ ನಿಮ್ಮನ್ನ ಪ್ರತಿನಿಧಿಯಾಗಿ ನಿಲ್ಲಿಸ್ಬೇಕು ಅಂತಿದೀವಿ."

"ನನ್ನನ್ನಾ? ಅದೆಲ್ಲ ಶಾಸಕರ ಕೆಲಸ ಅಲ್ವಾ?"

"ಈ ಸಲ ಅಲ್ಲ. ಶಾಸಕರು ಚರ್ಚಿನವರಿಗೆ ಹೆದರ್ತಾರೆ. ಅದಕ್ಕೇ ಇದೊಂದು ಕೆಲಸಕ್ಕೆ ಅಂತ ಬೇರೆ ಸಮಾವೇಶ. ಪ್ರತಿ ಕೌಂಟಿಲೂ ಜನ ಸೇರಿ ಹೆಸರು ಸೂಚಿಸ್ತಾರೆ. ನಿಷೇಧ ಬೇಡ ಅನ್ನೋ ನಾವು ಒಂದು ಕಡೆ, ಬೇಕು ಅನ್ನೋರು ಇನ್ನೊಂದು ಕಡೆ, ಆಮೇಲೆ ಚುನಾವಣೆ. ಗೆದ್ದೋರು ರಾಜಧಾನಿಗೆ ಹೋಗಿ ಮತ ಹಾಕ್ತಾರೆ."

"ಅಲ್ಲಿ ಮಾತಾಡ್ಬಹುದಾ?"

"ಪ್ರತಿನಿಧಿ ಅಂದ್ಮೇಲೆ ಮಾತಾಡ್ದೆ ಇರ್ತಾರಾ!" ಅಂದ ಟಿಬೆಟ್ಸ್, ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತ ದನಿ ತಗ್ಗಿಸಿದ. "ಒಂದೇ ಮಾತು. ಕೌಂಟಿ ಸಭೆಗೆ ಎಲ್ಡನ್ ಬರ್ಲಿ. ವೇದಿಕೆ ಮೇಲೆ ಈ ಕಡೆಯಿಂದ ಆ ಕಡೆ ನಡೆದ್ರೆ ಸಾಕು. ನಮ್ಮ ಯಾವ ಭಾಷಣಾನೂ ಅಷ್ಟು ನಾಟಲ್ಲ."

ಎಲ್ಡನ್‌ಗೆ ಹೇಳಿದಾಗ ಅವನು ಊಟದ ತಟ್ಟೆ ಸರಿಸಿದ. "ನಾನೇನು ಸರ್ಕಸ್ ಕರಡಿನಾ ಅಮ್ಮ?"

"ನಿನ್ನ ಕಾಲಿಗೆ ಯಾರು ಜವಾಬು ಕೊಡ್ತೀರ ಅಂತ ಅಲ್ಲಿ ಎಲ್ಲರ ಮುಂದೆ ಕೇಳ್ತೀನಿ ಕಣೋ. ಇದೊಂದು ಸಲ ನನ್ನ ಮಾತು ಕೇಳು."

ಸಭೆಯ ದಿನ ಎಲ್ಡನ್ ಗಡ್ಡ ಬೋಳಿಸಿಕೊಂಡು ಹೊರಟು ನಿಂತ.

ಕೋರ್ಟಿನ ಸಭಾಂಗಣ ತುಂಬಿತ್ತು. ಎಲ್ಡನ್ ಹೆಜ್ಜೆ ಎತ್ತುತ್ತಲೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸದ್ದಡಗಿತು. ಹಲಗೆಯ ಮೇಲೆ ಪಾದ ಬಡಿಯುವುದು ಮಾತ್ರ ಕೇಳುತ್ತಿತ್ತು. ನಡುವೆ ಒಂದು ಕೋಲು ಜಾರಿತು, ಅವನು ಮುಗ್ಗರಿಸಿ ಬಿದ್ದ. ಮುಂದಿನ ಸಾಲಿನಿಂದ ಇಬ್ಬರು ಎದ್ದರು. ಟಿಬೆಟ್ಸ್ ತೋಳು ಚಾಚಿ ಅವರನ್ನು ತಡೆದ. ಜನ ನೋಡಲಿ ಎಂಬುದು ಅವನ ಲೆಕ್ಕಾಚಾರ. ವೇದಿಕೆಯ ಕುರ್ಚಿಯಲ್ಲಿದ್ದ ಹಲ್ಡಾಳಿಗೂ ಆ ತೋಳು ಕಂಡಿತು. ಅವಳು ಏಳಲಿಲ್ಲ. ಎಲ್ಡನ್ ತೆವಳಿ, ಕೋಲು ಹಿಡಿದು, ತಾನೇ ಎದ್ದ.

ಅವಳ ಹೆಸರು ಕೂಗಿದಾಗ ಸಭೆಗೆ ಸಭೆಯೇ ಕೈ ಎತ್ತಿತು.

ಮನೆಗೆ ಬರುವಾಗ ಎಲ್ಡನ್ ಹೇಳಿದ್ದು ಒಂದೇ ಮಾತು: "ಬಿದ್ದಾಗ ನೀನೂ ಕೂತೇ ಇದ್ದೆಯಲ್ಲ ಅಮ್ಮ." ಆಮೇಲೆ ಅವಳೊಂದಿಗೆ ಮಾತು ಬಿಟ್ಟ. ಚುನಾವಣೆಯಲ್ಲಿ ಅವಳು ಗೆದ್ದ ಸುದ್ದಿ ಬಂದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ರಾಜಧಾನಿಯ ಸಮಾವೇಶದಲ್ಲಿ ಹೂವಿನ ಹಾರ, ಬ್ಯಾಂಡು, ಪತ್ರಿಕೆಯವರು. ಅಧ್ಯಕ್ಷ ನಿರ್ಣಯ ಓದಿದ ಕೂಡಲೇ ಹಲ್ಡಾ ಎದ್ದಳು. "ಸ್ವಾಮಿ, ನಂದೊಂದು ಮಾತಿದೆ. ನನ್ನ ಮಗ..."

"ಚರ್ಚೆಗೆ ಏನಿದೆ ತಾಯಿ?" ಅಧ್ಯಕ್ಷ ನಕ್ಕ. "ಎಲ್ಲರೂ ಹೀಗೇ ಮತ ಹಾಕ್ತೀವಿ ಅಂತ ಮಾತು ಕೊಟ್ಟೇ ಆರಿಸಿ ಬಂದಿದೀವಿ. ಹೆಸರು ಕರೆದಾಗ ಹೌದು ಅನ್ನಿ, ಸಾಕು."

ಪಕ್ಕದಲ್ಲಿದ್ದ ಟಿಬೆಟ್ಸ್ ಅವಳ ತೋಳು ಹಿಡಿದು ಕೂರಿಸಿದ. "ಈಗ್ಯಾಕೆ ಮಿಸೆಸ್ ಬೀಮರ್? ಗೆದ್ದಾಯ್ತಲ್ಲ!"

ಹೆಸರು ಕರೆದರು. ಅವಳು ಹೌದು ಅಂದಳು. ಕಾಫಿ ತಣ್ಣಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಊರಿಗೆ ಮರಳಿದಾಗ ಎಲ್ಡನ್‌ನ ಹಾಸಿಗೆ ಖಾಲಿ. ತಾನೇ ಹೇಳಿ ಕಳಿಸಿ ಗಾಡಿ ತರಿಸಿಕೊಂಡು ಕೌಂಟಿಯ ಬಡವರ ಆಶ್ರಮ ಸೇರಿದ್ದ. ಮರುಭಾನುವಾರ ಹಲ್ಡಾ ಹೋದಳು. ಅವನು ಅಡುಗೆಮನೆಯ ಹಿಂದೆ ಆಲೂಗಡ್ಡೆ ಸಿಪ್ಪೆ ಸುಲಿಯುತ್ತ ಕೂತಿದ್ದ. ಕೈಯಲ್ಲಿದ್ದ ಗಡ್ಡೆ ಸುಲಿದು ಮುಗಿಸಿ, "ಕೇಳಿದ್ಯಾ ಅಲ್ಲಿ?" ಅಂದ.

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣೋ. ಬಾಯಿ ಬಿಡೋಕೆ ಬಿಡ್ಲಿಲ್ಲ."

ಅವಳು ಇನ್ನೊಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಹೊರಡುವಾಗ, "ಮನೆಗೆ ಬಾ" ಅಂದಳು. "ಇಲ್ಲಿ ಯಾರೂ ನನ್ನ ನೋಡಲ್ಲ ಅಮ್ಮ" ಅಂದ.

ಅವನು ಮನೆಗೆ ಬರಲೇ ಇಲ್ಲ. ಒಗೆಯುವ ಶಕ್ತಿ ಹೋದ ಮೇಲೆ ಹಲ್ಡಾ ತಾನೇ ಅದೇ ಆಶ್ರಮದ ಹೆಂಗಸರ ಕಡೆಗೆ ಸೇರಿದಳು. ಅಲ್ಲಿ ಗಂಡಸರಿಗೆ ಬೇರೆ ಸಾಲು, ಹೆಂಗಸರಿಗೆ ಬೇರೆ ಸಾಲು. ಊಟದ ಹೊತ್ತಿಗೆ ಅವಳಿಗೆ ಮಗನ ಬೆನ್ನು ಕಾಣುತ್ತಿತ್ತು.