ನಮ್ಮ ಭಾನುವಾರದ ಸೈಕಲ್‌ಗಳೂ ನಫೀಸಾ ಟೀಚರೂ

ನಫೀಸಾ ಟೀಚರಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಕೂಗಿ ಕರೆದು ಅವರ ಗಂಟಲು ಒಂದೇ ಎತ್ತರಕ್ಕೆ ಒಗ್ಗಿಹೋಗಿತ್ತು. ನಾನು ಅವರ ಹೆಂಗಸರ ತಂಡದ ಜೊತೆ ಮೊದಲ ಸಲ ಸೈಕಲ್ ತುಳಿಯಲು ಹೋದ ಭಾನುವಾರ, ಕುಂಬ್ರದ ಹೋಟೆಲೊಂದರ ಎದುರು ಚಹಾಕ್ಕೆ ನಿಂತೆವು. ಒಳಗೆ ನಾಲ್ಕಾರು ಗಂಡಸರು ಬನ್ಸ್ ತಿನ್ನುತ್ತ ಕುಳಿತಿದ್ದರು. ಟೀಚರ್ ಹೆಲ್ಮೆಟ್ ತೆಗೆದು, ಅದರ ಕೆಳಗಿನ ಸ್ಕಾರ್ಫ್ ಸರಿಪಡಿಸಿಕೊಂಡು, ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು:

"ಇವತ್ತು ನನಗೆ ಮುಟ್ಟಾಗಿದೆ ಮಾರಾಯ್ರೆ. ಕಾಲಿಗೆ ಕಲ್ಲು ಕಟ್ಟಿದ ಹಾಗೆ ಉಂಟು. ಏರಿನಲ್ಲಿ ನಿಧಾನ ಹೋಗುವ."

ಬನ್ಸ್ ತಿನ್ನುತ್ತಿದ್ದವರಲ್ಲಿ ಒಬ್ಬರಿಗೆ ಕೆಮ್ಮು ಬಂತು. ನಾನು ತಲೆ ತಗ್ಗಿಸಿ ಡಾಂಬರು ನೋಡುತ್ತ ನಿಂತೆ. ತಂಡದ ಉಳಿದವರಿಗೆ ಮಾತ್ರ ಏನೂ ಅನಿಸಿದಂತಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಸುಮಕ್ಕ, "ಆಯ್ತು ಟೀಚರ್, ನನಗೆ ಇವತ್ತು ಅವಸರವೂ ಇಲ್ಲ" ಎಂದು ಸಕ್ಕರೆ ಕದಡಿದರು, ಅಷ್ಟೆ. ಟೀಚರ್ "ನನಗೆ ಸ್ವಲ್ಪ ಶೀತ" ಎಂದಿದ್ದರೂ ಅವರು ಹಾಗೆಯೇ ಕದಡುತ್ತಿದ್ದರೇನೋ.

ನಾನು ಕಲ್ಲುಗುಂಡಿಯವಳು. ಮಡಿಕೇರಿ ರಸ್ತೆಯ ಬದಿಯಲ್ಲಿ ಅಪ್ಪ ಅವ್ವ ಒಂದು ಸಣ್ಣ ಊಟದ ಹೋಟೆಲು ನಡೆಸುತ್ತಾರೆ. ಘಾಟಿ ಹತ್ತುವ, ಇಳಿಯುವ ಲಾರಿಯವರೇ ಅಲ್ಲಿಯ ಗಿರಾಕಿಗಳು. ಆಗ ನಾನು ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದೆ. ನಮ್ಮ ಮನೆಯಲ್ಲಿ ಮುಟ್ಟು ಎಂಬ ಮಾತೇ ಬರುತ್ತಿರಲಿಲ್ಲ. ಆ ದಿನಗಳಲ್ಲಿ ಹೋಟೆಲಿನ ಹಿಂಬದಿಯ ಬೆಂಚಿನಲ್ಲಿ ಕೂರಬೇಕು, ಅಡುಗೆಮನೆಗೆ ಕಾಲಿಡಬಾರದು. ಬೆಂಚಿನಲ್ಲಿ ಕುಳಿತದ್ದನ್ನು ಕಂಡವರಿಗೆ ವಿಷಯ ಗೊತ್ತಾಗುತ್ತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಅಂಥ ಮನೆಯಿಂದ ಬಂದವಳು ಕುಂಬ್ರದ ಆ ಚಹಾವನ್ನು ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದೆ.

ಟೀಚರ್ ಪುತ್ತೂರಿನ ಶಾಲೆಯೊಂದರಲ್ಲಿ ಪಿಟಿ ಟೀಚರ್. ಕುಳ್ಳಗಿನ, ಅಗಲ ಭುಜದ ಹೆಂಗಸು. ಟ್ರ್ಯಾಕ್ ಪ್ಯಾಂಟಿನ ಮೇಲೆ ಮೊಣಕಾಲಿನವರೆಗಿನ ಕುರ್ತಾ, ಅದು ಚೈನಿಗೆ ಸಿಕ್ಕದ ಹಾಗೆ ಬದಿಗೆ ಒಂದು ಗಂಟು. ಅವರ ತಂದೆಗೆ ಪೇಟೆಯಲ್ಲಿ ಬಾಡಿಗೆ ಸೈಕಲಿನ ಅಂಗಡಿಯಿತ್ತಂತೆ. ಮಧ್ಯಾಹ್ನ ತಂದೆ ಊಟಕ್ಕೆ ಹೋದ ಹೊತ್ತಿನಲ್ಲಿ ದೊಡ್ಡ ಸೈಕಲಿನ ತ್ರಿಕೋನದೊಳಗೆ ಕಾಲು ತೂರಿಸಿ ಕಲಿತವರು ಅವರು. "ವಯಸ್ಸಿಗೆ ಬಂದ ಮೇಲೆ ಸೈಕಲ್ ಬೇಡ ಅಂತ ಮನೆಯಲ್ಲಿ ಎಲ್ಲ ಹೇಳಿದ್ರು. ನಮ್ಮ ಬಾಪ ಮಾತ್ರ, ಅವಳು ತುಳಿಯುದು ಬಿಟ್ಟರೆ ಅಂಗಡಿಯ ಸೈಕಲ್ ಸರಿ ಉಂಟಾ ಇಲ್ವಾ ಅಂತ ಪರೀಕ್ಷೆ ಮಾಡುದು ಯಾರು, ಅಂತ ಕೇಳಿದ್ರು" ಎಂದು ನಗುತ್ತಿದ್ದರು.

ಯಾರು ಎದುರಾದರೂ "ಹೇಗಿದ್ದಿ" ಎಂದು ಅವರು ಕೇಳಿದ್ದಿಲ್ಲ. "ಎಂತ ತಿಂದೆ?" ಎನ್ನುವುದೇ ಅವರ ನಮಸ್ಕಾರ. ಉತ್ತರ ಹಿಡಿಸದಿದ್ದರೆ ಬೆನ್ನಚೀಲದಿಂದ ಬೇಯಿಸಿದ ಮೊಟ್ಟೆಯೋ ಖರ್ಜೂರವೋ ಹೊರಗೆ ಬರುತ್ತಿತ್ತು.

ಒಂದು ಭಾನುವಾರ ಕಾವು ದಾಟಿ ಈಶ್ವರಮಂಗಲದ ಕಡೆಗೆ ಹೋಗುತ್ತಿದ್ದೆವು. ನಮ್ಮಲ್ಲೇ ಎಲ್ಲರಿಗಿಂತ ಕಿರಿಯಳಾದ ರಕ್ಷಾ ಇದ್ದಕ್ಕಿದ್ದಂತೆ ಸೈಕಲಿಂದ ಇಳಿದು ರಸ್ತೆ ಬದಿಯ ಮಣ್ಣಿನ ದರೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಸೀಟಿನ ಮೇಲೆ ಕಲೆ. ಅವಳ ಕಣ್ಣಲ್ಲಿ ಆಗಲೇ ನೀರು. ಟೀಚರ್ ತಮ್ಮ ಜಾಕೆಟನ್ನು ಅವಳ ಸೊಂಟಕ್ಕೆ ಕಟ್ಟಿ, ನೀರಿನ ಬಾಟಲಿಯಿಂದ ಸೀಟು ತೊಳೆದು, ಹತ್ತಿರ ಕಂಡ ಮನೆಯ ಅಂಗಳಕ್ಕೆ ಅವಳನ್ನು ಕರೆದುಕೊಂಡು ಹೋದರು.

"ಅಕ್ಕಾ, ನಮ್ಮ ಹುಡುಗಿಗೆ ಮುಟ್ಟಾಗಿದೆ. ಸ್ವಲ್ಪ ನಿಮ್ಮ ಬಾತ್‌ರೂಮಿಗೆ ಹೋಗ್ಲಾ?"

ಮನೆಯಾಕೆ ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಒಳಗಿಂದ ಬಂದ ಅಜ್ಜಿ, "ಅದಕ್ಕೆಂತ ಕೇಳುದು? ಕರ್ಕೊಂಡು ಬನ್ನಿ" ಎಂದು ತಾವೇ ಮುಂದಾಗಿ ದಾರಿ ತೋರಿಸಿದರು. ರಕ್ಷಾ ಹೊರಗೆ ಬರುವವರೆಗೆ ನಮಗೆಲ್ಲ ಮಜ್ಜಿಗೆ. ಸೈಕಲ್ ತುಳಿಯುವಾಗ ಪ್ಯಾಡ್ ತೊಡೆಗೆ ಉಜ್ಜಿ ಚರ್ಮ ಕಿತ್ತುಹೋಗುವ ವಿಷಯ, ಪ್ಯಾಡಿನ ಬದಲು ಒಳಗಿಡುವ ಮೆತ್ತನೆಯ ಕಪ್ ಹಾಕಿದರೆ ಅದು ತಪ್ಪುವ ವಿಷಯ, ಕೆಲವರಿಗೆ ಆ ದಿನವೇ ಏರು ಸುಲಭವಾಗುವುದು, ಕೆಲವರಿಗೆ ಹಿಂದಿನ ವಾರವೇ ಕಾಲು ಸೋಲುವುದು, ಎಲ್ಲವೂ ಆ ಜಗಲಿಯಲ್ಲಿ ಮಾತಿಗೆ ಬಂತು. ಅಜ್ಜಿಗೆ ಕಪ್ಪಿನ ಬಗ್ಗೆ ಬಹಳ ಕುತೂಹಲ. ಟೀಚರ್ ಎರಡು ಬೆರಳು ಮಡಿಸಿ ಅದನ್ನು ಹೇಗೆ ಮಡಚುವುದೆಂದು ತೋರಿಸುವಾಗ, ಮನೆಯ ಯಜಮಾನರು ಜಗಲಿಯವರೆಗೆ ಬಂದವರು ಹಾಗೇ ಹಿಂದೆ ತಿರುಗಿ ತೆಂಗಿನಕಾಯಿ ಸುಲಿಯಲು ಹೋದರು.

"ಒಬ್ಬೊಬ್ಬಳ ದೇಹ ಒಂದೊಂದು ಥರ" ಎಂದರು ಟೀಚರ್ ಹೊರಡುವಾಗ. "ಸುಮಳಿಗೆ ಆ ದಿನ ಸೈಕಲ್ ತುಳಿದ್ರೆ ಹೊಟ್ಟೆನೋವು ಕಡಿಮೆ ಆಗ್ತದೆ. ನನಗೆ ಜಾಸ್ತಿ. ಆಗುವವಳು ಬರುದು, ಆಗದವಳು ಮಲಗುದು. ಇದರಲ್ಲಿ ಶೂರತನ ಎಂತದೂ ಇಲ್ಲ."

ನನಗೆ ಮಾತ್ರ ಆ ವರ್ಷ ಶೂರತನವೇ ಬೇಕಿತ್ತು. ವಿಶ್ವವಿದ್ಯಾಲಯದ ಸೈಕ್ಲಿಂಗ್ ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಸಂಪಾಜೆಯಿಂದ ಘಾಟಿ ಹತ್ತುತ್ತಿದ್ದೆ. ತೂಕ ಇಳಿದಷ್ಟೂ ಏರು ಬೇಗ ಹತ್ತಬಹುದೆಂದು ಬೇರೆ ತಂಡದ ಹುಡುಗಿಯೊಬ್ಬಳು ಹೇಳಿದ್ದಳು. ಮೊದಮೊದಲು ಅದು ನಿಜವೂ ಆಯಿತು. ರಾತ್ರಿಯ ಅನ್ನ ಬಿಟ್ಟೆ. ಬೆಳಗ್ಗೆ ಚಹಾ, ಬಿಸ್ಕತ್ತು. ಸಂಜೆ ಕಾಲೇಜಿನ ಮೈದಾನದಲ್ಲಿ ಓಟ. ಕನ್ನಡಿಯಲ್ಲಿ ಕೆನ್ನೆಯ ಎಲುಬು ಕಾಣುವಾಗ ಖುಷಿ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮುಟ್ಟು ನಿಂತಿತು. ಒಂದು ತಿಂಗಳು ತಪ್ಪಿದಾಗ ಗಮನಿಸಲಿಲ್ಲ, ಮತ್ತೆ ತಪ್ಪಿದಾಗ ಪೀಡೆ ತೊಲಗಿತು ಎನಿಸಿತು. ಕಲೆಯ ಹೆದರಿಕೆ ಇಲ್ಲ, ಹೊಟ್ಟೆನೋವಿಲ್ಲ, ಊರಿಗೆ ಹೋದರೆ ಬೆಂಚಿಲ್ಲ. ನಿಜಕ್ಕೂ ಹಾಯೆನಿಸಿತ್ತು.

ಒಂದು ಬೆಳಗ್ಗೆ ಟೀಚರ್ ನನ್ನ ಪಕ್ಕದಲ್ಲೇ ತುಳಿಯುತ್ತಿದ್ದರು. ಸಾಮಾನ್ಯ ಏರೊಂದರಲ್ಲಿ ನಾನು ಏದುಸಿರು ಬಿಡುವುದನ್ನು ನೋಡಿ, "ಡೇಟ್ ಹತ್ತಿರ ಉಂಟಾ ಚಿತ್ರಾ?" ಎಂದು ಕೇಳಿದರು.

"ಇಲ್ಲ ಟೀಚರ್. ನನಗೆ ಈಗ ಆ ಕಿರಿಕಿರಿಯೇ ಇಲ್ಲ. ನಿಂತುಹೋಗಿದೆ" ಎಂದೆ, ಹೆಮ್ಮೆಯಿಂದಲೇ.

ಅವರು ಗಕ್ಕನೆ ಬ್ರೇಕ್ ಹಿಡಿದರು. ಹಿಂದಿನಿಂದ ಬರುತ್ತಿದ್ದ ಸುಮಕ್ಕ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

"ಯಾವಾಗಿಂದ?"

ಹೇಳಿದೆ. ಅವರು ನನ್ನ ಮಣಿಕಟ್ಟನ್ನು ಹಿಡಿದು, ಬೆರಳುಗಳಿಂದ ಸುತ್ತು ಹಾಕಿ ನೋಡಿದರು. ಕೈಗೆ ಬಳೆ ಹಾಕಿ ಅಳತೆ ನೋಡುವವರ ಹಾಗೆ. "ಕಾಲೆಲ್ಲಾದರೂ ನೋಯ್ತದಾ?" ಎಂದು ಕೇಳಿದರು. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಒಂದು ಕಡೆ ನೋಯುತ್ತದೆ, ಓಡಿದ್ದಕ್ಕಿರಬೇಕು ಎಂದೆ. ಅವತ್ತು ಸವಾರಿ ಅಲ್ಲಿಗೇ ಮುಗಿಯಿತು. ಮರುದಿನ ಅವರೇ ಶಾಲೆಗೆ ರಜೆ ಹಾಕಿ ನನ್ನನ್ನು ಪೇಟೆಯ ಲೇಡಿ ಡಾಕ್ಟರರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿಸಿದರು. ಗರ್ಭದ ಪರೀಕ್ಷೆಯನ್ನೂ ಮಾಡಿಸಿದರು. ಮುಟ್ಟು ತಪ್ಪಿದವರು ಯಾರು ಬಂದರೂ ಮೊದಲು ಅದು, ಬೇಜಾರು ಮಾಡ್ಬೇಡ ಎಂದರು. ಕಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. "ನೀನು ದೇಹವನ್ನು ದುಡಿಸಿದಷ್ಟು ಅದಕ್ಕೆ ಊಟ ಕೊಡ್ಲಿಲ್ಲ. ಜೀವ ಉಳಿಸ್ಲಿಕ್ಕೆ ಬೇಕಾದ್ದನ್ನು ಇಟ್ಟುಕೊಂಡು ಅದು ಇದನ್ನು ನಿಲ್ಲಿಸಿದೆ. ಮುಟ್ಟು ಹೀಗೆ ನಿಂತರೆ ಎಲುಬೂ ಸೋಲ್ತದೆ. ವಿಶ್ರಾಂತಿ ಬೇಕು, ಹೊಟ್ಟೆ ತುಂಬ ಊಟ ಬೇಕು" ಎಂದರು. ಮತ್ತೆ ಬರುತ್ತದಾ ಎಂದು ಟೀಚರ್ ಕೇಳಿದರು. "ಹೆಚ್ಚಿನವರಿಗೆ ಬರ್ತದೆ. ಇಂಥ ದಿನ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಹೊರಗೆ ಬಂದದ್ದೇ ನಾನು ಆಯ್ಕೆಯ ಮಾತೆತ್ತಿದೆ.

"ಈ ವರ್ಷ ಬೇಡ" ಎಂದರು ಟೀಚರ್.

"ಬೇಡ ಅಂತ ಹೇಳ್ಲಿಕ್ಕೆ ನೀವು ಯಾರು ಟೀಚರ್?"

"ಯಾರೂ ಅಲ್ಲ. ಆದ್ರೂ ಹೇಳ್ತೇನೆ." ಸ್ವಲ್ಪ ದೂರ ನಡೆದ ಮೇಲೆ ಮುಂದುವರಿಸಿದರು. "ಕಾಲೇಜಿನಲ್ಲಿ ನನ್ನ ಜೊತೆ ಒಬ್ಬಳು ಓಡ್ತಿದ್ದಳು. ನನಗಿಂತ ತುಂಬ ಜೋರು. ಅವಳಿಗೂ ನಿಂತಿತ್ತು, ನಿನ್ನ ಹಾಗೆಯೇ ಖುಷಿಯಲ್ಲಿದ್ದಳು. ನಮಗೆಲ್ಲ ಅವಳ ಮೇಲೆ ಹೊಟ್ಟೆಕಿಚ್ಚು. ಸೊಂಟದ ಎಲುಬು ಮುರಿದು ಮಲಗಿದಾಗ ಅವಳಿಗೆ ನಿನ್ನದೇ ಪ್ರಾಯ. ಯಾರಾದರೂ ಒಬ್ಬರು ಕೇಳಿದ್ದರೆ ಆಗ್ತಿತ್ತು. ಕೇಳುದು ಹೇಗೆ? ಆ ಮಾತನ್ನು ಬಾಯಿಬಿಟ್ಟು ಹೇಳುವವರೇ ಇರ್ಲಿಲ್ಲ ನಮ್ಮಲ್ಲಿ."

ಕುಂಬ್ರದ ಹೋಟೆಲಿನ ಎದುರು ಅವರು ಯಾಕೆ ಹಾಗೆ ಮಾತಾಡಿದ್ದರೆಂದು ನನಗೆ ಅವತ್ತು ತಿಳಿಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ಅವ್ವನಿಗೆ ಹೇಳುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಸುಳ್ಯದಲ್ಲಿ ಬಸ್ಸು ಬದಲಿಸಿ ಕಲ್ಲುಗುಂಡಿಯಲ್ಲಿ ಇಳಿದಾಗ ಮಧ್ಯಾಹ್ನದ ಊಟದ ಗಡಿಬಿಡಿ. ಟೀಚರ್ ಅವ್ವನನ್ನು ಕೈತೊಳೆಯುವ ನಲ್ಲಿಯ ಬಳಿಗೆ ಕರೆದು, ನಿಜವಾಗಿಯೂ ಪಿಸುಗುಟ್ಟಲು ಪ್ರಯತ್ನಪಟ್ಟರು. ಆದರೆ ಮೂಲೆಯ ಮೇಜಿನಲ್ಲಿದ್ದ ಲಾರಿ ಡ್ರೈವರ್ ಕೂಡ ಅನ್ನದ ತಟ್ಟೆಯಿಂದ ತಲೆ ಎತ್ತಿದ. ಅವ್ವನ ಕಣ್ಣು ನೇರ ನನ್ನ ಹೊಟ್ಟೆಗೆ ಬಂತು.

"ನೀವು ಹೆದರುವ ಹಾಗಿನದ್ದು ಎಂತದೂ ಇಲ್ಲ ಅಕ್ಕಾ. ಅದನ್ನೂ ಡಾಕ್ಟ್ರು ನೋಡಿ ಆಗಿದೆ. ನಿಮ್ಮ ಮಗಳಿಗೆ ತಿಂದದ್ದು ಸಾಲ್ಲಿಲ್ಲ, ಅಷ್ಟೆ."

ಅವ್ವ ಸಾರಿನ ಸೌಟನ್ನು ಕೈಯಲ್ಲಿ ಹಿಡಿದೇ ನಿಂತರು. ಆಮೇಲೆ ಅವರ ಬಾಯಿಂದ ಬಂದದ್ದು ಒಂದೇ ಮಾತು: "ನಾನು ಊರವರಿಗೆಲ್ಲ ಅನ್ನ ಬಡಿಸ್ತೇನೆ ಟೀಚರ್. ನನ್ನ ಮಗಳು ಉಪವಾಸ ಇದ್ದಳಾ?"

ಟೀಚರ್ ಆ ಸೌಟನ್ನು ಮೆಲ್ಲಗೆ ತೆಗೆದು ಬದಿಗಿಟ್ಟು ಅವ್ವನ ಕೈ ಹಿಡಿದುಕೊಂಡರು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ.

ಆಯ್ಕೆಯ ದಿನ ಬಂದು ಹೋಯಿತು. ಸೈಕಲ್ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಧೂಳು ಹಿಡಿಯಿತು. ಶನಿವಾರ ಬಂದರೆ ನಾನು ಊರಿನ ಬಸ್ಸು ಹತ್ತುತ್ತಿದ್ದೆ, ಅವ್ವ ಎದುರು ಕೂತು ಬಡಿಸುತ್ತಿದ್ದರು. ವಾರದ ಉಳಿದ ದಿನ ಟೀಚರ ಫೋನು: "ಎಂತ ತಿಂದೆ?" ಕೆನ್ನೆ ತುಂಬಿತು. ಕಾಲುನೋವು ಹೋಯಿತು. ಮುಟ್ಟು ಮಾತ್ರ ಬರಲಿಲ್ಲ. ರಾಶಿ ತಿಂದೂ ಬರದಿದ್ದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಇನ್ನು ಬರುವುದೇ ಇಲ್ಲವೇನೋ, ಏನನ್ನೋ ಕೈಯಾರೆ ಮುಗಿಸಿಬಿಟ್ಟೆನೇನೋ ಎಂದು. ಅವ್ವ ಏನೂ ಕೇಳುತ್ತಿರಲಿಲ್ಲ. ಬಚ್ಚಲಿನಿಂದ ಹೊರಗೆ ಬರುವಾಗ ಮುಖ ನೋಡುತ್ತಿದ್ದರು, ಅಷ್ಟೆ.

ಬೇಸಗೆ ರಜೆಯ ಒಂದು ಬೆಳಗ್ಗೆ ಹೋಟೆಲಿನಲ್ಲಿ ನೀರುಳ್ಳಿ ಸುಲಿಯುತ್ತಿದ್ದೆ. ಕೆಳಹೊಟ್ಟೆಯಲ್ಲಿ ಒಂದು ಹಿಂಡಿದ ಹಾಗಿನ ನೋವು. ಮರೆತೇಹೋಗಿದ್ದ ಆ ನೋವನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಚ್ಚಲಿಗೆ ಓಡಿದೆ. ಬಾಗಿಲು ತೆಗೆದಾಗ ಅವ್ವ ಅಲ್ಲೇ ನಿಂತಿದ್ದರು.

"ಬಂತಾ?"

"ಬಂತು."

ಅಭ್ಯಾಸದಿಂದ ನಾನು ಹಿಂಬದಿಯ ಬೆಂಚಿನ ಕಡೆಗೆ ತಿರುಗಿದೆ. ಅವ್ವ ನನ್ನ ತೋಳು ಹಿಡಿದು ಸೀದಾ ಅಡುಗೆಮನೆಯೊಳಗೆ ಎಳೆದುಕೊಂಡು ಹೋಗಿ, ದೋಸೆಕಲ್ಲಿನ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿದರು. ಒಂದರ ಮೇಲೊಂದು ನೀರುದೋಸೆ ತಟ್ಟೆಗೆ ಬಿತ್ತು. ಗಲ್ಲೆಯಿಂದ ಎದ್ದುಬಂದ ಅಪ್ಪ ಬಾಗಿಲಲ್ಲಿ ನಿಂತು, "ಎಂತ ವಿಷಯ?" ಎಂದರು.

"ಎಂತ ಇಲ್ಲ. ನಿಮ್ಮ ಮಗಳಿಗೆ ಹಸಿವಾಗಿದೆ" ಎಂದು ಅವ್ವ ಸೆರಗಿನಿಂದ ಕಣ್ಣೊರಸಿಕೊಂಡರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಬೆಂಚಿನಲ್ಲಿ ಕೂರಲಿಲ್ಲ. ಅದರ ಬಗ್ಗೆ ಚರ್ಚೆಯೂ ಆಗಲಿಲ್ಲ.

ಟೀಚರಿಗೆ ಫೋನು ಮಾಡಿದೆ. ಹೇಳಿದ ಮೇಲೆ ಆ ಕಡೆಯಿಂದ ಒಂದು ದೀರ್ಘ ಉಸಿರು, "ಅಲ್‌ಹಮ್ದುಲಿಲ್ಲಾ."

"ಹೊಟ್ಟೆನೋವು ಉಂಟಾ?"

"ಉಂಟು ಟೀಚರ್. ಭಾರೀ ಉಂಟು."

"ಒಳ್ಳೆದು, ಒಳ್ಳೆದು!" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮರುವರ್ಷ ನಾನು ಆಯ್ಕೆಗೆ ಹೋದೆ, ತಂಡಕ್ಕೂ ಸೇರಿದೆ. ದೊಡ್ಡ ಪದಕವೇನೂ ಬರಲಿಲ್ಲ. ಈಗ ಸುಳ್ಯದಲ್ಲಿ ಕೆಲಸ. ಭಾನುವಾರ ಈಗಲೂ ಸೈಕಲ್ ತುಳಿಯುತ್ತೇನೆ.

ಟೀಚರ್ ಕೆಲವು ವರ್ಷ ಕಡಬದ ಕಡೆಯ ಶಾಲೆಯಲ್ಲಿದ್ದು, ಆಮೇಲೆ ಕೆಲಸ ಬಿಟ್ಟು ಗಂಡನಿದ್ದ ಮಸ್ಕತ್ತಿಗೆ ಹೋದರು. ಹೊರಡುವ ಮುಂಚೆ ನಾನು ಕಡಬಕ್ಕೆ ಹೋಗಿದ್ದೆ. ಒಟ್ಟಿಗೆ ಹೊಸ್ಮಠದ ಸೇತುವೆಯವರೆಗೆ ಸೈಕಲಿನಲ್ಲಿ ಹೊರಟೆವು. ದಾರಿಯಲ್ಲಿ ಎರಡು ಸಲ ಅವರಿಗೆ ಮೈಯೆಲ್ಲ ಬೆವರಿ ಮುಖ ಕೆಂಪಾಯಿತು. ನಾನು ಗಾಬರಿಯಾದದ್ದು ನೋಡಿ ನಕ್ಕರು.

"ಹೆದರ್ಬೇಡ ಮಾರಾಯ್ತಿ. ನನ್ನದು ನಿಂತಿತು. ಡಾಕ್ಟ್ರಿಗೆ ತೋರಿಸಿ ಆಗಿದೆ, ಎಲ್ಲ ಸರಿ ಉಂಟು. ಈಗ ಇಡೀ ಮೈಗೆ ಒಲೆ ಹಚ್ಚಿದ ಹಾಗೆ ಆಗ್ತದೆ, ಮತ್ತೆ ಆರ್ತದೆ."

"ಬೇಜಾರುಂಟಾ ಟೀಚರ್?"

"ಎಂತಕ್ಕೆ ಬೇಜಾರು? ಅದರ ಕೆಲಸ ಮುಗಿಸಿ ಹೋಗಿದೆ. ನಿನ್ನದು ಅರ್ಧದಲ್ಲೇ ಓಡಿಹೋಗಿತ್ತಲ್ಲ, ಅದು ನನಗೆ ಹೆದರಿಕೆ ಆದದ್ದು."

"ಮಸ್ಕತ್ತಿನಲ್ಲಿ ಹೆಂಗಸರು ಸೈಕಲ್ ಬಿಡ್ತಾರಾ?"

"ಬಿಡದಿದ್ದರೆ ಬಿಡುವ ಹಾಗೆ ಮಾಡುದು."

ಹೊಳೆಯ ಕಡೆಗೆ ರಸ್ತೆ ಇಳಿಯುತ್ತದೆ. ಟೀಚರ್ ಬ್ರೇಕಿನಿಂದ ಬೆರಳು ತೆಗೆದು ಜೋರಾಗಿ ಇಳಿದುಹೋದರು. ನಾನು ತಿರುವು ದಾಟುವಾಗ ಅವರು ಆಗಲೇ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹೊಳೆಯ ಗಾಳಿಗೆ ಮುಖ ಒಡ್ಡಿ ನನಗಾಗಿ ಕಾಯುತ್ತಿದ್ದರು. ಸೇತುವೆ ಮುಟ್ಟಿದರೆ ಹಿಂದಿರುಗಬೇಕು, ಹಿಂದಿರುಗಿದರೆ ನನ್ನ ಬಸ್ಸು ಹೊರಡುವ ಹೊತ್ತು. ನಾನು ಬೇಕೆಂದೇ ನಿಧಾನ ಹೋದೆ.