ಕಾಲಿಗೆ ಕಟ್ಟಿದ ಎರಡನೇ ಚೀಟಿ

ಹಾಜರಿ ಪುಸ್ತಕ ಬಿಟ್ಟರೆ ಅವನ ನಿಜವಾದ ಹೆಸರು ಎಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಗರಿಯಪ್ಪ. ವಸ್ತುಸಂಗ್ರಹಾಲಯಕ್ಕೆ ಜನ ಬರುತ್ತಾರಲ್ಲ, ಆ ಕಡೆಯಲ್ಲ ಅವನ ಕೋಣೆ. ಅದರ ಹಿಂದೆ, ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದ, ನುಸಿಗುಳಿಗೆ ವಾಸನೆಯ ಉದ್ದನೆ ಕೋಣೆ. ಅಲ್ಲಿ ಕಬ್ಬಿಣದ ಬೀರುಗಳು, ಬೀರುವಿನ ಡ್ರಾಯರುಗಳಲ್ಲಿ ಹದಿನಾಲ್ಕು ಸಾವಿರ ಸತ್ತ ಹಕ್ಕಿಗಳು. ಒಳಗಿನದ್ದೆಲ್ಲ ತೆಗೆದು, ಹತ್ತಿ ತುಂಬಿ, ಹೊಟ್ಟೆ ಹೊಲಿದು ಅಂಗಾತ ಮಲಗಿಸಿದಂಥವು. ಮೂವತ್ತೊಂದು ವರ್ಷದಿಂದ ಗರಿಯಪ್ಪ ಅವುಗಳ ಯಜಮಾನ. ಬಂದವರು ಯಾರಾದರೂ ಹಕ್ಕಿಯನ್ನು ಬಾಲ ಹಿಡಿದು ಎತ್ತಿದರೆ ಮುಗಿಯಿತು. "ನಿಮ್ಮನ್ನ ಕಾಲು ಹಿಡಿದು ಎತ್ತಿದರೆ ಹೇಗಿರುತ್ತೆ?" ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುತ್ತಿದ್ದ.

ಪ್ರತಿ ಹಕ್ಕಿಯ ಕಾಲಿಗೂ ದಾರದಲ್ಲಿ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಹೊಲಿದರು, ಎಲ್ಲ ಅದರಲ್ಲಿ. ಆ ಕೋಣೆಗೊಂದು ಕಟ್ಟುನಿಟ್ಟು: ಚೀಟಿಯ ಮೇಲೆ ಒಮ್ಮೆ ಬರೆದಿದ್ದನ್ನು ಯಾರೂ ಅಳಿಸುವ ಹಾಗಿಲ್ಲ, ಹರಿಯುವ ಹಾಗಿಲ್ಲ. ತಪ್ಪಾಗಿದ್ದರೆ ಪಕ್ಕದಲ್ಲಿ ಇನ್ನೊಂದು ಚೀಟಿ ಕಟ್ಟಬೇಕು. ಈ ಮಾತನ್ನು ಹೊಸಬರಿಗೆಲ್ಲ ಹೇಳಿ ಹೇಳಿ ಅವರ ಕಿವಿ ತೂತು ಮಾಡುತ್ತಿದ್ದವನು ಗರಿಯಪ್ಪನೇ.

ಅಲ್ಲಿಗೆ ನುಸಿ ಮೇಡಂ ಬಂದಳು. ಅದೂ ಅಡ್ಡಹೆಸರೇ. ವಯಸ್ಸು ಮೂವತ್ತು ದಾಟಿರಲಿಲ್ಲ, ಓದಿದ್ದು ಮಾತ್ರ ಹಕ್ಕಿಯ ನುಸಿಗಳ ಬಗ್ಗೆ ಬೆಟ್ಟದಷ್ಟು. ಗರಿಯ ಬುಡ ಪೊಳ್ಳಾಗಿರುತ್ತದಲ್ಲ, ಆ ಕೊಳವೆಯೊಳಗೆ ಕಣ್ಣಿಗೆ ಕಾಣದಂಥ ನುಸಿಗಳು ಬಿಡಾರ ಹೂಡುತ್ತವಂತೆ. ಒಳಗಿಂದಲೇ ಗೋಡೆ ಚುಚ್ಚಿ ಹಕ್ಕಿಯ ರಸ ಹೀರುತ್ತವಂತೆ. ಮದುವೆ, ಬಾಣಂತನ, ಸಾವು, ಎಲ್ಲ ಅಲ್ಲೇ. "ಬಾಡಿಗೆ ಕೊಡದ ಸಂಸಾರ" ಎಂದ ಗರಿಯಪ್ಪ. ಮೇಡಂ ನಕ್ಕಳು. ಹಾಗೆ ಇಬ್ಬರಿಗೂ ಹೊಂದಿಕೆಯಾಯಿತು.

ಅವಳಿಗೆ ಬೇಕಾಗಿದ್ದು ನಲವತ್ತು ಮರಕುಟಿಗಗಳಿಂದ ಒಂದೊಂದು ಎದೆಗರಿ. ಇಕ್ಕಳದಲ್ಲಿ ಕೀಳಬೇಕು, ಲಕೋಟೆಗೆ ಹಾಕಬೇಕು, ಹಕ್ಕಿಯ ಚೀಟಿಯಲ್ಲಿ "ಒಂದು ಗರಿ ಕಿತ್ತಿದೆ" ಎಂದು ಬರೆಯಬೇಕು. ಮೂವತ್ತೊಂಬತ್ತು ಹಕ್ಕಿಗಳಿಂದ ಗರಿಯಪ್ಪ ಹಲ್ಲು ಕಚ್ಚಿಕೊಂಡು ಕಿತ್ತ. ನಲವತ್ತನೆಯದಕ್ಕೆ ಕೈ ಬರಲಿಲ್ಲ.

ಅದು ಕೆಂಗತ್ತಿನ ಮರಕುಟಿಗ. ಆ ಜಾತಿ ಭೂಮಿಯ ಮೇಲಿಂದಲೇ ಅಳಿದು ಹೋಗಿ ಎಂಬತ್ತು ವರ್ಷ. ಉಳಿದಿರುವುದು ಈ ಒಂದು ತೊಗಲು. ಉಸಿರು ಬಿಟ್ಟರೆ ಉದುರುವ ಹಾಗಿತ್ತು. ಅದರ ಜೊತೆ, ಅದೇ ಡ್ರಾಯರಿನಲ್ಲಿ, ಬೀದಿಬೀದಿಯ ಮರದಲ್ಲೂ ಸಿಗುವ ಒಂದು ಚುಕ್ಕೆ ಮರಕುಟಿಗ ಮಲಗಿತ್ತು. ಎರಡರ ನಡುವೆ ಉದುರಿದ ಗರಿಯೊಂದು ಬಿದ್ದಿತ್ತು. ಬೂದು ಬಣ್ಣ, ಎರಡರ ಎದೆಯೂ ಬೂದೇ. ಗರಿಯಪ್ಪ ಅದನ್ನೇ ಎತ್ತಿ ಲಕೋಟೆಗೆ ಹಾಕಿದ. ಇದರದ್ದೇ ಇರಬೇಕು, ಇನ್ನಾರದು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದ: "ಒಂದು ಗರಿ ಕಿತ್ತಿದೆ."

ಆ ಗರಿಯಲ್ಲೇ ಸಿಕ್ಕಬೇಕೇ, ಯಾರೂ ಕಂಡಿರದ ನುಸಿ! ಮೇಡಂ ದೊಡ್ಡ ಪ್ರಬಂಧ ಬರೆದಳು. ಹಕ್ಕಿಯ ಜೊತೆಗೇ ಅದರ ನುಸಿಯೂ ಅಳಿಯಿತು, ಒಂದು ಸಾವಿನಲ್ಲಿ ಎರಡು ಸಾವು ಎಂದಳು. ಜನ ಕಣ್ಣೊರೆಸಿಕೊಂಡರು. ಗರಿಯಪ್ಪನ ಹೆಸರಿಗೇ ಲ್ಯಾಟಿನ್ ಬಾಲ ಸೇರಿಸಿ ನುಸಿಗೆ ಇಟ್ಟಳು. "ಇಂಥ ಜೋಪಾನದ ಕೈ ಇಲ್ಲದಿದ್ದರೆ ಇದು ಸಿಗುತ್ತಿರಲಿಲ್ಲ" ಎಂದೂ ಅದರಲ್ಲಿ ಅಚ್ಚಾಯಿತು. ಹೆಂಡತಿ ಆ ಪುಟಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ನಾದಿನಿ ಬಂದವಳು, "ಬೇರೆಯವರ ಹೆಸರು ರಸ್ತೆಗಿಡ್ತಾರೆ, ನಮ್ಮ ಭಾವಂದು ನುಸಿಗೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗರಿಯಪ್ಪನೂ ನಕ್ಕ. ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ.

ಆ ಖುಷಿಯಲ್ಲೇ ಮಾರನೆಯ ದಿನ ಹಕ್ಕಿಯನ್ನು ನೋಡಿಬರೋಣ ಎಂದು ಡ್ರಾಯರು ಎಳೆದ. ಗರಿ ಉದುರಿದ ಜಾಗ ಎಲ್ಲಿರಬಹುದು ಎಂದು ಭೂತಗನ್ನಡಿ ಹಿಡಿದು ಕೆಂಗತ್ತಿನ ಎದೆಯಿಡೀ ಹುಡುಕಿದ. ಒಂದೇ ಒಂದು ಕಡೆಯೂ ಖಾಲಿ ಇರಲಿಲ್ಲ. ಪಕ್ಕದ ಚುಕ್ಕೆಯ ಎದೆ ನೋಡಿದ. ನಡುವೆ, ಒಂದು ಗರಿಯಷ್ಟೇ ಅಗಲದ ಬೋಳು. ಗರಿಯಪ್ಪ ಸದ್ದಾಗದಂತೆ ಡ್ರಾಯರು ಮುಚ್ಚಿದ.

ಆವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಒಂದು ವರ್ಷ ಎರಡು ತಿಂಗಳು ದೂಡಿದ. ಊಟಕ್ಕೆ ಕೂತರೆ ಎದುರಿಗೆ ಚೌಕಟ್ಟು. ತಟ್ಟೆ ತಿರುಗಿಸಿಕೊಂಡು ಗೋಡೆಗೆ ಬೆನ್ನು ಹಾಕಿ ಕೂರುವ ಅಭ್ಯಾಸವಾಯಿತು. ಬೆಳಿಗ್ಗೆ ಮನೆಮುಂದಿನ ಮರದಲ್ಲಿ ಚುಕ್ಕೆ ಮರಕುಟಿಗ ಟಕಟಕ ಎಂದರೆ ಕಿಟಕಿ ಮುಚ್ಚುತ್ತಿದ್ದ. ಅಳಿದು ಹೋಯಿತೆಂದು ಜನ ಅತ್ತ ನುಸಿ ಅಲ್ಲೇ, ಆ ಹಕ್ಕಿಯ ಎದೆಯಲ್ಲಿ, ಸುಖವಾಗಿ ಸಂಸಾರ ಮಾಡಿಕೊಂಡಿತ್ತಲ್ಲ. ಅವನಿಗೆ ತನ್ನ ಹೆಸರು ಕೇಳಿದರೇ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಮೇಡಂ ಫೋನ್ ಮಾಡಿದಳು. "ಮುಂದಿನ ವಾರ ಕೆಲಸದ ಸಂದರ್ಶನ ಇದೆ, ಕಾಯಂ ಕೆಲಸ. ಇದೇ ಪ್ರಬಂಧ ಹಿಡ್ಕೊಂಡು ಹೋಗ್ತಿದೀನಿ. ಅಲ್ಲಿರೋ ಹಿರಿಯರೊಬ್ಬರಿಗೆ ಯಾಕೋ ಅನುಮಾನ. ಇನ್ನೊಂದು ಗರಿ ತೋರಿಸಿ ಅಂದ್ರು. ಇವತ್ತು ಮೂರು ಗಂಟೆಗೆ ಬರ್ತೀನಿ, ಕಿತ್ತಿಟ್ಟಿರ್ತೀರಾ?"

"ಆಯ್ತು ಮೇಡಂ" ಎಂದ ಗರಿಯಪ್ಪ. ಅವನಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು.

ಮಧ್ಯಾಹ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡ. ದಾರಿ ಸಲೀಸಾಗಿತ್ತು. ಚುಕ್ಕೆಯಿಂದ ಇನ್ನೊಂದು ಗರಿ ಕಿತ್ತರೆ ಅದರಲ್ಲೂ ಅದೇ ನುಸಿ ಇದ್ದೀತು. ಮೇಡಂಗೆ ಕೆಲಸ, ಇವನಿಗೆ ಮರ್ಯಾದೆ, ಯಾರಿಗೂ ನಷ್ಟವಿಲ್ಲ. ಇಕ್ಕಳ ಹಿಡಿದ, ಎಳೆದ. ಗರಿ ಬಿಗಿಯಾಗಿತ್ತು; ಗರಿಯ ಜೊತೆ ಹಕ್ಕಿಯೇ ಮೇಲೆದ್ದು ಇಕ್ಕಳದ ತುದಿಯಲ್ಲಿ ನೇತಾಡಿತು. ಬಾಲ ಹಿಡಿದವರನ್ನು ಮೂವತ್ತೊಂದು ವರ್ಷ ಬೈದ ಮನುಷ್ಯ, ಎದೆಗರಿ ಹಿಡಿದು ಹಕ್ಕಿಯನ್ನು ತೂಗಾಡಿಸುತ್ತ ನಿಂತಿದ್ದ. ಥೂ ನಿನ್ನ, ಎಂದುಕೊಂಡ. ಮೆಲ್ಲಗೆ ಕೆಳಗಿಟ್ಟು ಚಿಲಕ ತೆಗೆದ.

ಮೇಡಂ ಬಂದಾಗ ಎಲ್ಲ ಹೇಳಿದ. ತಲೆ ಎತ್ತದೆ, ಬೋಳು ಜಾಗವನ್ನು ಬೆರಳಿನಿಂದ ತೋರಿಸುತ್ತ ಹೇಳಿದ. ಅವಳು ಭೂತಗನ್ನಡಿ ಎತ್ತಿಕೊಂಡು ಎರಡೂ ಹಕ್ಕಿಯ ಎದೆ ನೋಡಿದಳು.

"ಯಾವಾಗ ಗೊತ್ತಾಯ್ತು?"

"ಹೋದ ವರ್ಷ."

"ಈ ಮಧ್ಯೆ ಹನ್ನೊಂದು ಕಡೆ ಭಾಷಣ ಮಾಡಿದೀನಿ. ಪ್ರತಿಸಲ ನಿಮಗೆ ಫೋನ್ ಮಾಡಿ ಹೇಳಿದೀನಿ."

ಮೇಡಂ ಇಕ್ಕಳ ತೆಗೆದು ಅವನ ಕೈಗೇ ಕೊಟ್ಟಳು. "ಕೆಂಗತ್ತಿಂದ ಕೀಳಿ. ನೀವೇ."

ತೊಗಲು ಹರಿಯುತ್ತದೆ ಎಂದು ಉಸಿರು ಬಿಗಿಹಿಡಿದ. ಏನೂ ಆಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗರಿ ಬಂತು. ಇಷ್ಟೇ ಕೆಲಸ. ಇಷ್ಟಕ್ಕೆ ಹೆದರಿ ಅಷ್ಟು ಮಾಡಿದ್ದ. ಮೇಡಂ ಬುಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಖಾಲಿ. ಆಮೇಲೆ ಚುಕ್ಕೆಯಿಂದಲೂ ಒಂದು ಕಿತ್ತು ಸೀಳಿದಳು. ಅದರ ತುಂಬ ನುಸಿ.

"ನನ್ನ ಹೆಸರು ತೆಗೆದುಹಾಕಿಬಿಡಿ ಮೇಡಂ" ಎಂದ ಗರಿಯಪ್ಪ.

"ತೆಗೆಯೋಕೆ ಬರಲ್ಲ. ಒಂದ್ಸಲ ಇಟ್ಟ ಹೆಸರು ಇಟ್ಟಿದ್ದೇ. ಯಾವ ಹಕ್ಕಿದು ಅನ್ನೋದನ್ನ ಮಾತ್ರ ತಿದ್ದಬಹುದು. ಯಾಕೆ ತಪ್ಪಾಯ್ತು ಅಂತ ಬರೀಬೇಕಾಗುತ್ತೆ." ಚೀಲ ಹೆಗಲಿಗೆ ಹಾಕಿಕೊಂಡಳು. "ಸಂದರ್ಶನದಲ್ಲಿ ನಾನೇ ಮೊದಲು ಹೇಳ್ತೀನಿ. ನೀವು ಚೀಟಿ ಬರೀರಿ."

ಆ ಕೆಲಸ ಅವಳಿಗೆ ಸಿಗಲಿಲ್ಲ. ತಿದ್ದುಪಡಿ ಅಚ್ಚಾಯಿತು. ಹೆಂಡತಿ ಚೌಕಟ್ಟು ಇಳಿಸಲು ಹೋದಳು. "ಬೇಡ, ಇರಲಿ" ಎಂದ ಗರಿಯಪ್ಪ. ಅದರೊಳಗೇ, ಹಳೆಯ ಪುಟದ ಪಕ್ಕದಲ್ಲಿ, ತಿದ್ದುಪಡಿಯನ್ನೂ ಸೇರಿಸಿದ. ಈಗ ಊಟಕ್ಕೆ ಅದರ ಎದುರಿಗೇ ಕೂರುತ್ತಾನೆ.

ಕೆಂಗತ್ತನ್ನು ನೋಡಲು ಈಗಲೂ ಜನ ಬರುತ್ತಾರೆ. ಗರಿಯಪ್ಪ ಡ್ರಾಯರು ಎಳೆಯುತ್ತಾನೆ. ಹಕ್ಕಿಯ ಕಾಲಿನಲ್ಲಿ ಎರಡು ಚೀಟಿ. ಎರಡೂ ಒಂದೇ ಮುತ್ತಿನಂಥ ಅಕ್ಷರ. ಜನ ಮೊದಲನೆಯದಕ್ಕೆ ಕೈಹಾಕಿದರೆ ತಡೆದು, ಎರಡನೆಯದನ್ನು ತಾನೇ ತಿರುಗಿಸಿ ಹಿಡಿಯುತ್ತಾನೆ: "ಮೊದಲ ಚೀಟಿಯಲ್ಲಿರುವುದು ಸುಳ್ಳು. ಬರೆದವನು ನಾನೇ. ಗರಿ ಕಿತ್ತಿದ್ದು ಈ ಚೀಟಿ ಬರೆದ ದಿನ." ಅವರು ಓದಿ ಮುಗಿಸುವವರೆಗೂ ಅವನು ಕೈ ತೆಗೆಯುವುದಿಲ್ಲ.